ಟೋಪಿ ಇಲ್ಲದ ಸೆಲ್ಯೂಟ್

ಸಂಕ್ರಾಂತಿಗೆ ಒಂದು ವಾರ ಮುಂಚೆ ನಮ್ಮ ಅಪಾರ್ಟ್‌ಮೆಂಟ್ ಸಭೆಯಲ್ಲಿ ಒಂದು ದೂರು ಬಂತು. ಗೇಟಿನಲ್ಲಿರುವ ಸೆಕ್ಯುರಿಟಿಯವರು ಕಾರು ಒಳಗೆ ಬರುವಾಗ ಸೆಲ್ಯೂಟ್ ಹೊಡೆಯುವುದಿಲ್ಲವಂತೆ. ದೂರು ಕೊಟ್ಟವರ ಕಾರಿನ ಹಿಂದಿನ ಗಾಜಿಗೆ 'ಜೈ ಜವಾನ್' ಸ್ಟಿಕ್ಕರ್ ಅಂಟಿಸಿದ್ದಾರೆ. ಸುಮ್ಮನೆ ಹೇಳಿದೆ ಅಷ್ಟೆ.

ಆ ಸೆಕ್ಯುರಿಟಿಯವರು ಕುಂದಗೋಳ ಕಡೆಯವರು. 22 ವರ್ಷ ಸೈನ್ಯದಲ್ಲಿದ್ದು ಹವಾಲ್ದಾರ್ ಆಗಿ ಪೆನ್ಷನ್‌ಗೆ ಬಂದವರು. ನಾವು ಪೆನ್ಷನ್ ಅಂದರೆ ಅರವತ್ತರ ಮಾತು ಅಂದುಕೊಳ್ಳುತ್ತೇವೆ. ಜವಾನರು ನಲವತ್ತರ ಆಸುಪಾಸಿಗೇ ಹೊರಗೆ ಬಂದಿರುತ್ತಾರೆ. ಮಕ್ಕಳ ಫೀಸು, ಮನೆ ಸಾಲ ಎಲ್ಲ ಆಗ ತಾನೇ ಶುರು. ಹಾಗಾಗಿ ಬ್ಯಾಂಕು, ಎಟಿಎಂ, ನಮ್ಮಂಥವರ ಗೇಟು.

ಮರುದಿನ ನಾನೇ ಕೇಳಿದೆ. "ಟೋಪಿ ಇಲ್ಲದ ಸೆಲ್ಯೂಟ್ ಹೊಡಿಯಂಗಿಲ್ರೀ ಸರ್ ನಮ್ಮಲ್ಲಿ. ಸಾವಧಾನ್ ನಿಲ್ತೀನಲ್ರೀ" ಅಂದರು. ಏಜೆನ್ಸಿಯವರು ಅಂಗಿ, ಸೀಟಿ ಕೊಟ್ಟಿದ್ದಾರೆ, ಟೋಪಿ ಕೊಟ್ಟಿಲ್ಲ. ಅವತ್ತಿಂದ ಗಮನಿಸಿದೆ. ಕಾರು ಬಂದರೆ ಹಿಮ್ಮಡಿ ಕೂಡಿಸಿ, ಮುಷ್ಟಿ ತೊಡೆಗೆ ಒತ್ತಿ ನೆಟ್ಟಗೆ ನಿಲ್ಲುತ್ತಾರೆ. ಮೂರು ವರ್ಷದಿಂದ ನಮ್ಮ ಕಣ್ಣೆದುರೇ ನಿಲ್ಲುತ್ತಿದ್ದರು, ನಮಗೆ ಅದು ಮರ್ಯಾದೆ ಅಂತ ಗೊತ್ತೇ ಆಗಿರಲಿಲ್ಲ.

ಜನವರಿ 14ರಂದು ಎಳ್ಳು ಬೀರಲು ಗೇಟಿಗೆ ಹೋದೆ. 1953ರಲ್ಲಿ ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ದಿನ ಅದು, ಅದಕ್ಕೇ ಅವತ್ತು ಮಾಜಿ ಸೈನಿಕರ ದಿನ. 1949ರ ಜನವರಿ 15ಕ್ಕೆ ಅವರು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು, ಆ ದಿನಕ್ಕೆ ಪರೇಡು, ಟಿವಿ ಎಲ್ಲ ಉಂಟು. 14 ಮಾತ್ರ ನಮ್ಮ ಕಡೆ ಎಳ್ಳುಬೆಲ್ಲದಲ್ಲಿ ಮುಚ್ಚಿಹೋಗುತ್ತದೆ. ನನಗೂ ಅವತ್ತು ಬೆಳಿಗ್ಗೆ ಫೋನ್ ನೋಡಿಯೇ ಗೊತ್ತಾಗಿದ್ದು.

ಎಳ್ಳಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬಲಗೈಯ ಎರಡು ಬೆರಳ ತುದಿ ಕಪ್ಪಗಿದೆ, ಮುಟ್ಟಿದರೂ ತಿಳಿಯುವುದಿಲ್ಲವಂತೆ. ಸಿಯಾಚಿನ್. ಅಲ್ಲಿ ಕಿತ್ತಳೆ ಹಣ್ಣು ಕಲ್ಲಾಗಿರುತ್ತದೆ, ಸೀಮೆಎಣ್ಣೆ ಸ್ಟೌ ಮೇಲೆ ಹಿಮ ಕರಗಿಸಿಯೇ ನೀರು ಕುಡಿಯಬೇಕು, ಆ ಹೊಗೆಗೆ ಉಗುಳೂ ಕಪ್ಪು ಅಂದರು. ಹನುಮಂತಪ್ಪ ಕೊಪ್ಪದ್ ಮಾತು ಬಂತು. 2016ರ ಫೆಬ್ರವರಿಯಲ್ಲಿ ಆರು ದಿನ ಹಿಮದಡಿ ಇದ್ದು ಉಸಿರಾಡುತ್ತಾ ಸಿಕ್ಕ, ಮೂರು ದಿನದ ಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಹುಡುಗ. "ನಮ್ಮ ತಾಲೂಕಿನಾಂವ್ರೀ" ಅಂದರು, ಸ್ವಂತ ತಮ್ಮನ ಸುದ್ದಿ ಹೇಳುವ ಹಾಗೆ. ಅವತ್ತು ನಾನೂ ಪ್ರೊಫೈಲ್ ಫೋಟೊ ಬದಲಿಸಿದ್ದೆ. ಅದೇ ಹಿಮಕುಸಿತದಲ್ಲಿ ಹಾಸನದವರು, ಮೈಸೂರು ಕಡೆಯವರು ಕೂಡ ಹೋದರು. ಅವರ ಹೆಸರು ಕೇಳಿದರೆ ನಾನು ಹೇಳಲಾರೆ. ಗೇಟಿನವರು ಹೇಳಿದರು, ತಡವರಿಸದೆ.

ನನ್ನ ತಕರಾರು ಇಷ್ಟೇ. ಪೆಟ್ಟಿಗೆಯಲ್ಲಿ ಬಂದವರಿಗೆ ಊರೆಲ್ಲ ಹೂವು ಹಾಕುತ್ತೇವೆ. ನಡೆದುಕೊಂಡು ಬಂದವರಿಗೆ ಪಾರ್ಕಿಂಗ್ ಸ್ಟಿಕ್ಕರ್ ಇಲ್ಲದ ಕಾರು ಯಾಕೆ ಬಿಟ್ಟೆ ಅಂತ ಏಕವಚನದಲ್ಲಿ ಬೈಯುತ್ತೇವೆ. ಅವರಿಗೆ ಬೇಕಿರುವುದು ಹಾರ ಅಲ್ಲ. ಕೂರಲು ಬೆನ್ನಿರುವ ಕುರ್ಚಿ, ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆ ಅರ್ಧ ದಿನ ರಜೆ, 'ಹವಾಲ್ದಾರರೇ' ಅಂತ ಒಂದು ಕರೆ.

ಸಭೆಯಲ್ಲಿ ಇದನ್ನೆಲ್ಲ ಹೇಳಬೇಕಿತ್ತು, ನಾನು ಬಾಯಿ ಬಿಡಲಿಲ್ಲ. ಆಮೇಲೆ ಟೋಪಿ ವಿಷಯವನ್ನು ಕಾರ್ಯದರ್ಶಿಗೆ ಹೇಳಿದ್ದೇ ತಪ್ಪಾಯಿತೇನೋ. ಮೊನ್ನೆ ಒಂದು ನೀಲಿ ಟೋಪಿ ತಂದುಕೊಟ್ಟಿದ್ದಾರೆ, ಇನ್ನು ಸೆಲ್ಯೂಟ್ ಗ್ಯಾರಂಟಿ ಅಂತ. ಅದು ಗೇಟಿನ ಕೋಣೆಯ ಮೊಳೆಗೆ ನೇತಾಡುತ್ತಿದೆ. ಇನ್ನೂ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.