ಹದಿನೇಳು ಮನೆ, ಒಂದು ಚಾರ್ಜ್ ಲಿಸ್ಟ್

ಈ ತಿಂಗಳ ಕೊನೆಗೆ ಕುಶಾಲನಗರದ ಬಾಡಿಗೆ ಮನೆ ಬಿಟ್ಟು ಮೈಸೂರಿನ ಮಗಳ ಮನೆಗೆ ಹೋಗುತ್ತಿದ್ದೇನೆ. ನಿನ್ನೆ ಸಾಮಾನು ಕಟ್ಟುತ್ತಿದ್ದಾಗ ಅವಳು ಫೋನಿನಲ್ಲಿ, "ಅಮ್ಮಾ, ಇದು ನಿನಗೆ ಎಷ್ಟನೆಯ ಮನೆ?" ಎಂದು ಕೇಳಿದಳು. ಬೆರಳು ಮಡಚಿ ಎಣಿಸಿದೆ. ಅಪ್ಪನ ಜೊತೆ ಐದು, ನೌಕರಿಯಲ್ಲಿ ಒಂಬತ್ತು, ನಿವೃತ್ತಿಯ ಮೇಲೆ ಮೂರು. ಒಟ್ಟು ಹದಿನೇಳು. 2018ರಲ್ಲಿ ಪರಿಹಾರ ಕೇಂದ್ರದ ಜಮಖಾನೆಯ ಮೇಲೆ ಕಳೆದ ದಿನಗಳನ್ನು ಇದರಲ್ಲಿ ಸೇರಿಸಿಲ್ಲ. ಮೈಸೂರನ್ನೂ ಸೇರಿಸುವುದಿಲ್ಲ, ಅದು ಅವಳ ಮನೆ.

ಅಪ್ಪ ಕಾಫಿ ತೋಟಗಳಲ್ಲಿ ರೈಟರ್ ಆಗಿದ್ದರು. ಕೊಡಗಿನ ಹೊರಗಿನ ಸ್ನೇಹಿತರಿಗೆ ಇದನ್ನು ಬಿಡಿಸಿ ಹೇಳಬೇಕು. ತೋಟದಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ. ಆಳುಗಳ ಹಾಜರಿ, ಕೂಲಿ, ಗೊಬ್ಬರ, ಕೊಯ್ದ ಹಣ್ಣಿನ ತೂಕ ಇವುಗಳನ್ನು ಬರೆದಿಡುವವರು. ಧಣಿಯ ಮನಸ್ಸು ಕೆಟ್ಟರೆ ಕೆಲಸ ಹೋಯಿತು, ಕೆಲಸ ಹೋದರೆ ಮನೆಯೂ ಹೋಯಿತು. ಪಾಲಿಬೆಟ್ಟ, ಸಿದ್ದಾಪುರ, ಸುಂಟಿಕೊಪ್ಪ ಎಂದು ನಾನು ಬೆಳೆದ ಊರುಗಳ ಹೆಸರು ಹೇಳುತ್ತೇನೆ, ಆದರೆ ಊರೊಳಗೆ ನಾವು ಎಂದೂ ಇರಲಿಲ್ಲ. ಊರಿನಿಂದ ಮೂರೋ ನಾಲ್ಕೋ ಮೈಲಿ ಒಳಗೆ, ಆಳುಗಳ ಸಾಲುಮನೆಗಳಾದ ಲೈನ್ ಮನೆಗಳ ಪಕ್ಕದ ಒಂದು ಹೆಂಚಿನ ಮನೆಯಲ್ಲಿರುತ್ತಿದ್ದೆವು.

1967ರಲ್ಲಿ ನಾನು ಮೂರನೆಯ ತರಗತಿ. ಒಂದೇ ಕೋಣೆಯ ಶಾಲೆ. ಅಲ್ಲಿನ ಟೀಚರ್ ಶುಕ್ರವಾರ ಪ್ರಾಣಿಗಳ ಕಥೆಯ ಒಂದು ತೆಳ್ಳನೆಯ ಪುಸ್ತಕ ಕೊಟ್ಟು, "ಸೋಮವಾರ ತಾ" ಎಂದರು. ಶನಿವಾರ ಅಪ್ಪನಿಗೂ ಧಣಿಗೂ ಮಾತಿಗೆ ಮಾತು ಬೆಳೆಯಿತು. ಭಾನುವಾರ ನಾವು ಲಾರಿಯ ಮೇಲೆ ಪಾತ್ರೆಗಳ ನಡುವೆ ಕುಳಿತಿದ್ದೆವು. ಸಿದ್ದಾಪುರದ ಕಡೆಯಿಂದ ಸುಂಟಿಕೊಪ್ಪದ ಕಡೆಗೆ, ಎಷ್ಟು ಮಹಾ ದೂರ ಎಂದು ಈಗ ಅನ್ನಿಸುತ್ತದೆ. ಒಂಬತ್ತು ವರ್ಷದ ಹುಡುಗಿಗೆ ಅದು ಬೇರೆಯೇ ದೇಶ. ಪುಸ್ತಕ ನನ್ನ ಟ್ರಂಕಿನಲ್ಲೇ ಉಳಿಯಿತು. ಶಾಲೆಯ ಮೊಹರು ಅದರ ಮೇಲೆ ಇನ್ನೂ ಇದೆ, ಶಾಲೆ ಇಲ್ಲ. ಬೆಲೆ ಎಪ್ಪತ್ತೈದು ಪೈಸೆ. ಚಾರ್ಜ್ ಕೊಡುವ ದಿನ, ಅಂದರೆ ಶಾಲೆ ಬಿಡುವಾಗ ಪುಸ್ತಕಗಳ ಲೆಕ್ಕ ಒಪ್ಪಿಸುವ ದಿನ, ಆ ಟೀಚರ್ ಆ ಹಣವನ್ನು ತಮ್ಮ ಕೈಯಿಂದಲೇ ಕಟ್ಟಿರಬೇಕು. ಇದು ನನಗೆ ಹೊಳೆದದ್ದು ಇಪ್ಪತ್ತೆರಡು ವರ್ಷಗಳ ನಂತರ, ನಾನೇ ಹಾಗೆ ಕಟ್ಟಿದ ದಿನ.

ನೌಕರಿಗೆ ಸೇರಿದ್ದು 1982ರಲ್ಲಿ, ಭಾಗಮಂಡಲದ ಕಡೆಯ ಒಂದು ಪ್ರೌಢಶಾಲೆಯಲ್ಲಿ, ಕನ್ನಡ ಶಿಕ್ಷಕಿಯಾಗಿ. ಶಾಲೆಗಳಲ್ಲಿ ಗ್ರಂಥಪಾಲಕರ ಹುದ್ದೆ ಆಗಲೂ ಇರಲಿಲ್ಲ. ಕನ್ನಡ ಕಲಿಸುವವರಿಗೆ, ಅದರಲ್ಲೂ ಹೊಸಬರಾಗಿದ್ದರೆ, ಗ್ರಂಥಾಲಯದ ಚಾರ್ಜ್ ತಾನಾಗಿ ಬಂದು ಕೊರಳಿಗೆ ಬೀಳುತ್ತಿತ್ತು. ಗ್ರಂಥಾಲಯ ಎಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಕಬ್ಬಿಣದ ಬೀರು, ಒಂದು ಮರದ ಬೀರು. ಮರದ ಬೀರಿನ ಬೀಗದ ಕೈ ಕಳೆದು ಎಷ್ಟು ವರ್ಷವಾಗಿತ್ತೋ! ನನಗಿಂತ ಮೊದಲಿದ್ದ ಮೂವರೂ ಬಾಗಿಲು ತೆರೆಯದೆ, "ಲೆಕ್ಕ ಸರಿಯಿದೆ" ಎಂದು ಸಹಿ ಹಾಕಿ ಹೋಗಿದ್ದರು. ಬಡಗಿಯನ್ನು ಕರೆಸಿ ತೆಗೆಸಿದೆ. ಪುಸ್ತಕಗಳ ಬೆನ್ನುಗಳು ಸಾಲಾಗಿ, ಅಚ್ಚುಕಟ್ಟಾಗಿ ನಿಂತಿದ್ದವು. ಕೈ ಹಾಕಿದರೆ ಒಳಗೆ ಮಣ್ಣು. ಗೆದ್ದಲು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಮುಗಿಸಿತ್ತು. ಮೂವತ್ತಾರು ವರ್ಷದ ನೌಕರಿಯಲ್ಲಿ ನಾನು ಕಂಡ, ಒಂದು ಪುಸ್ತಕವೂ ಕಳೆಯದ ಗ್ರಂಥಾಲಯ ಅದೊಂದೇ.

ಚಾರ್ಜ್ ಹಸ್ತಾಂತರ ನೋಡದವರಿಗೆ ಅದರ ಶಿಕ್ಷೆ ಗೊತ್ತಾಗುವುದಿಲ್ಲ. ಒಬ್ಬರು ಸ್ಟಾಕ್ ರಿಜಿಸ್ಟರಿನಿಂದ ಕ್ರಮಸಂಖ್ಯೆ ಕೂಗುತ್ತಾರೆ, ಇನ್ನೊಬ್ಬರು ಹುಡುಕಿ, "ಇದೆ" ಅಥವಾ "ಇಲ್ಲ" ಎನ್ನುತ್ತಾರೆ. ವರ್ಗಾವಣೆ ಬರುವುದು ಮೇ ಕೊನೆಗೆ. ಹೊರಗೆ ಮೊದಲ ಮಳೆ ಶುರುವಾಗಿರುತ್ತದೆ, ಬಾಡಿಗೆ ಲಾರಿಯವನು ಅವಸರ ಮಾಡುತ್ತಿರುತ್ತಾನೆ, ಇಲ್ಲಿ ಎಂಟುನೂರ ನಲವತ್ತೊಂದು, ಎಂಟುನೂರ ನಲವತ್ತೆರಡು. 1989ರಲ್ಲಿ ಮೂರನೆಯ ಶಾಲೆ ಬಿಡುವಾಗ ನನ್ನ ಲೆಕ್ಕದಲ್ಲಿ ಮೂವತ್ತೇಳು "ಇಲ್ಲ" ಬಂದವು. ಹೆಚ್ಚಿನವು ಯಾರ ಕೈಯಲ್ಲಿವೆ ಎಂದು ನನಗೆ ಗೊತ್ತಿತ್ತು. ಕೊಯ್ಲು ಮುಗಿದ ಮೇಲೆ ಬೇರೆ ತೋಟಕ್ಕೆ ಹೋದ ಮನೆಗಳ ಮಕ್ಕಳು, ನನ್ನ ಹಾಗೆಯೇ ಲಾರಿ ಹತ್ತಿದವರು. ಅವುಗಳ ಬೆಲೆ ನಾನೂರ ಹನ್ನೆರಡು ರೂಪಾಯಿ ನಾನೇ ಕಟ್ಟಿದೆ. ಆ ತಿಂಗಳು ಯಜಮಾನರ ಸಂಬಳದಲ್ಲೇ ಮನೆ ನಡೆಯಿತು. ಅವರು ವಿದ್ಯುತ್ ಇಲಾಖೆಯವರು, ಅವರಿಗೂ ವರ್ಗ. ಇಬ್ಬರಿಗೂ ಒಂದೇ ಊರು ಸಿಕ್ಕಿದ್ದು ಎರಡೇ ಸಲ.

ಹಣ ಕಟ್ಟಿದ್ದರ ಬಗ್ಗೆ ಈಗ ಸಿಟ್ಟಿಲ್ಲ. ಆಮೇಲೆ ನಾನು ಮಾಡಿದ ಕೆಲಸಕ್ಕೆ ನಾಚಿಕೆಯಿದೆ. ಮೈಸೂರಿನಲ್ಲಿ ಒಂದು ವರ್ಷ ಇದ್ದು ಗ್ರಂಥಾಲಯ ವಿಜ್ಞಾನ ಓದಿ, 1991ರಲ್ಲಿ ಕಾಲೇಜು ಗ್ರಂಥಪಾಲಕಿಯಾದೆ. ಮೊದಲ ಎರಡು ವರ್ಷ ನಾನೂ ಬೀಗ ಹಾಕಿದೆ. ಚೀಟಿಯಲ್ಲಿ ಹೆಸರು ಬರೆದುಕೊಡಿ, ನಾನು ತಂದುಕೊಡುತ್ತೇನೆ ಎಂದೆ. ಹೆಸರೇ ಗೊತ್ತಿಲ್ಲದ ಪುಸ್ತಕವನ್ನು ಕೇಳುವುದು ಹೇಗೆ ಎಂದು ಒಬ್ಬ ಹುಡುಗ ಕೇಳಿದ. ಅಧಿಕಪ್ರಸಂಗಿ ಎಂದು ಗದರಿದ್ದು ನೆನಪಿದೆ.

ನಾನು ಓದಿ ಬಂದ ವಿದ್ಯೆ ಹೇಳುತ್ತಿದ್ದುದೂ ಆ ಹುಡುಗನ ಮಾತನ್ನೇ. ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಅವರೂ ಮೊದಲು ಮೇಷ್ಟ್ರು; ಗಣಿತ ಕಲಿಸುತ್ತಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಓದುಗರು ತಾವೇ ಕಪಾಟಿನ ಮುಂದೆ ನಿಂತು ಆರಿಸಿಕೊಳ್ಳಲಿ ಎಂದು ಹಟ ಹಿಡಿದರು. ಅವರ ಹುಟ್ಟುಹಬ್ಬ ಆಗಸ್ಟ್ 12, ಗ್ರಂಥಪಾಲಕರ ದಿನ. ಪ್ರತಿ ವರ್ಷ ಅವರ ಪಟಕ್ಕೆ ಹಾರ ಹಾಕಿ, ಭಾಷಣ ಮಾಡಿ, ಸಂಜೆ ಬೀರುಗಳಿಗೆ ಬೀಗ ಹಾಕಿ ಮನೆಗೆ ಹೋಗುತ್ತಿದ್ದೆವು.

ಈ ಬೀಗಕ್ಕೆ ಕಾರಣ ಗ್ರಂಥಪಾಲಕರ ಕೆಟ್ಟತನವಲ್ಲ, ಹೆದರಿಕೆ. ಆ ಹೆದರಿಕೆ ಎಷ್ಟು ಅನಗತ್ಯ ನೋಡಿ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 215ನೆಯದು ಗ್ರಂಥಾಲಯಗಳದ್ದು. ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದರೆ, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರದಿದ್ದಲ್ಲಿ, ಅದು ಸಹಜ ನಷ್ಟ ಎಂದು ಅದು ಒಪ್ಪುತ್ತದೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯದು, ಅಪರೂಪದ್ದು ಕಳೆದರೆ ಮಾತ್ರ ವಿಚಾರಣೆ ಆಗಲೇಬೇಕು. ಅದು ಕೇಂದ್ರದ ನಿಯಮ, ನಮ್ಮ ರಾಜ್ಯದ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ, ಒಪ್ಪಿದೆ. ಆದರೆ ಅದರಲ್ಲಿರುವ ವಿವೇಕಕ್ಕೆ ರಾಜ್ಯದ ಗಡಿ ಏಕೆ? ಆ ಲೆಕ್ಕ ನಿಂತಿರುವುದು ಓದಲು ಕೊಟ್ಟ ಪುಸ್ತಕಗಳ ಮೇಲೆ, ಇಟ್ಟುಕೊಂಡ ಪುಸ್ತಕಗಳ ಮೇಲಲ್ಲ ಎಂಬುದನ್ನು ಗಮನಿಸಿ. ಹೆಚ್ಚು ಕೊಟ್ಟವರಿಗೆ ಹೆಚ್ಚು ಕಳೆಯುವ ಅವಕಾಶವಿದೆ. ಹಾಗೆ ನೋಡಿದರೆ ಪುಸ್ತಕದ ಹಣ ಬರುವುದೂ ಓದುಗರ ಮನೆಯಿಂದಲೇ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯಿಂದ ಸಾರ್ವಜನಿಕ ಗ್ರಂಥಾಲಯಗಳಿಗೆಂದು ಆಸ್ತಿ ತೆರಿಗೆಯ ಮೇಲೆ ಕರ ಬಂದಿತು, ಈಗ ಅದು ನೂರಕ್ಕೆ ಆರು.

ಎಲ್ಲವನ್ನೂ ಬಯಲಿಗಿಡಿ ಎಂದು ನಾನು ಹೇಳುವುದಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ಪಟ್ಟೋಲೆ ಪಳಮೆ 1924ರಲ್ಲಿ ಅಚ್ಚಾದದ್ದು. ಕೊಡವ ಹಾಡುಗಳನ್ನು ಕೇಳಿ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ಪುಸ್ತಕ. ಅದರ ಹಳೆಯ ಪ್ರತಿಗೆ ಬೀಗವಿರಲಿ, ಕೋಣೆಯಲ್ಲೇ ಕುಳಿತು ಓದಲಿ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಚುಚ್ಚಿದರೆ ಚುಚ್ಚಲಿ. ಕೊಡಗಿನ ಚರಿತ್ರೆಯ ಹಳೆಯ ಪುಸ್ತಕಗಳನ್ನು ತೋಟದ ಮಕ್ಕಳು ಯಾವತ್ತೂ ಒಯ್ದದ್ದಿಲ್ಲ. ಒಯ್ದವರು ಕೋಟು ಹಾಕಿ ಬಂದವರು, "ನಮ್ಮ ಒಕ್ಕದ (ಮನೆತನದ) ಬಗ್ಗೆ ಬರೆಯುತ್ತಿದ್ದೇನೆ ಮೇಡಂ, ಎರಡೇ ದಿನ" ಎಂದವರು. ಅವರಿಂದ ವಸೂಲು ಮಾಡಿ ಎಂದು ಯಾವ ಪ್ರಾಂಶುಪಾಲರೂ ನನಗೆ ಹೇಳಲಿಲ್ಲ.

ನನ್ನ ಆರು ಕಾಲೇಜುಗಳಲ್ಲಿ ಅತಿ ಹೆಚ್ಚು ಕಳೆದುಹೋದದ್ದು ಕೊಡಗಿನ ಗೌರಮ್ಮನವರ ಕಥೆಗಳು. 1912ರಲ್ಲಿ ಹುಟ್ಟಿ, 1939ರಲ್ಲಿ ನೀರಿಗೆ ಸಿಕ್ಕಿ ತೀರಿಕೊಂಡವರು. ಬದುಕಿದ್ದು ಇಪ್ಪತ್ತೇಳು ವರ್ಷ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. ಇಷ್ಟನ್ನು ತರಗತಿಯಲ್ಲಿ ಹೇಳಿದ ವಾರವೇ ಪುಸ್ತಕ ಹೋಗುತ್ತಿತ್ತು. ಒಯ್ಯುತ್ತಿದ್ದವರು ಹೆಣ್ಣುಮಕ್ಕಳು. ಮತ್ತೆ ತರಿಸುತ್ತಿದ್ದೆ, ಮತ್ತೆ ಹೋಗುತ್ತಿತ್ತು. ಒಂದು ಕಾಲೇಜಿನಲ್ಲಿ ನಾಲ್ಕು ಪ್ರತಿ ಹೋದ ಮೇಲೆ ಲೆಕ್ಕಪತ್ರದವರು, "ಈ ಲೇಖಕಿಯನ್ನು ಇನ್ನು ತರಿಸಬೇಡಿ" ಎಂದು ಕಡತದಲ್ಲಿ ಷರಾ ಬರೆದರು. ಬೀಗ ತೆಗೆಯಲು ನನಗೆ ಧೈರ್ಯ ಬಂದದ್ದು ಆ ಷರಾ ಓದಿದ ದಿನ. ಆಮೇಲಿನ ವರ್ಷಗಳಲ್ಲಿ ಬೀರುಗಳನ್ನು ತೆರೆದೇ ಇಟ್ಟೆ, ಕಳೆದದ್ದಕ್ಕೆ ಕಾರಣ ಬರೆದು ರೈಟ್ ಆಫ್ ಮಾಡಲು, ಅಂದರೆ ಲೆಕ್ಕದಿಂದ ತೆಗೆದುಹಾಕಲು, ಪತ್ರ ಹಾಕುತ್ತಾ ಹೋದೆ. ಕೆಲವು ಪಾಸಾದವು, ಕೆಲವಕ್ಕೆ ಹಣ ಕಟ್ಟಿದೆ.

ನನ್ನ ಸ್ವಂತ ಪುಸ್ತಕಗಳು ಕಾಫಿಯ ಗೋಣಿಚೀಲಗಳಲ್ಲಿ ಊರಿಂದೂರಿಗೆ ಬರುತ್ತಿದ್ದವು. ಇಂದಿಗೂ ಕೆಲವನ್ನು ಬಿಡಿಸಿದರೆ ಚೆರಿ ಕಾಫಿಯ ಹುಳಿ ವಾಸನೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ರಟ್ಟಿಗೆ ಬೂಷ್ಟು ಹಿಡಿಯುತ್ತಿತ್ತು. ಅಗ್ಗಿಷ್ಟಿಕೆಯ ಮುಂದೆ ಹಪ್ಪಳದ ಹಾಗೆ ಹರಡಿ ಒಣಗಿಸುತ್ತಿದ್ದೆ. ನಿವೃತ್ತಿಯಾಗಿ ಮಡಿಕೇರಿಯ ಇಳಿಜಾರಿನ ಒಂದು ಮನೆಯಲ್ಲಿ ನೆಲೆಸಿ ಮೂರು ತಿಂಗಳೂ ಆಗಿರಲಿಲ್ಲ, 2018ರ ಆಗಸ್ಟ್ ಬಂತು. ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಕುಸಿದು ಏನಾಯಿತು ಎಂದು ನಿಮಗೆಲ್ಲ ಗೊತ್ತಿದೆ. ನಮ್ಮ ಮನೆಯ ಹಿಂದಿನ ಮಣ್ಣಿನ ಬರೆ ಜಾರಿ ಅಡುಗೆಮನೆಯ ಗೋಡೆಗೆ ಒರಗಿತು. ಜೀವ ಹೋದವರ ಮುಂದೆ ನನ್ನ ಪುಸ್ತಕಗಳ ಮಾತು ಆಡಲಾರೆ. ಮುಕ್ಕಾಲು ಪಾಲು ಹೋದವು, ಅಷ್ಟೆ. ಅವುಗಳಿಗೆ ಚಾರ್ಜ್ ಲಿಸ್ಟ್ ಇರಲಿಲ್ಲವಾದ್ದರಿಂದ ಯಾವುವು ಹೋದವು ಎಂದು ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಈಚೆಗೆ ಎರಡು ವರ್ಷ ಹತ್ತಿರದ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ಮಕ್ಕಳಿಗೆ ಕಥೆ ಓದುತ್ತಿದ್ದೆ. ಈಗ ಅದರ ಹೆಸರು ಅರಿವು ಕೇಂದ್ರ. 2019ರಲ್ಲಿ ಈ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ಶಾಲೆಗಳು ಮುಚ್ಚಿದ್ದಾಗ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ. ನಾನು ಹೋಗುತ್ತಿದ್ದ ಕಡೆ ಹೊಸ ಕಂಪ್ಯೂಟರಿಗೆ ಕುಚ್ಚಿನ ಹೊದಿಕೆ ಹಾಕಿ ದೇವರ ಹಾಗೆ ಇಟ್ಟಿದ್ದರು. ಮೇಲ್ವಿಚಾರಕಿ ಗೌರವಧನದ ಮೇಲೆ ದುಡಿಯುವವಳು. "ಟೀಚರ್, ಕೆಟ್ಟರೆ ನನ್ನ ಮೇಲೆ ಬರುತ್ತದೆ" ಎಂದಳು. 1982ರಲ್ಲಿ ಮರದ ಬೀರಿನ ಮುಂದೆ ಕೇಳಿದ ಮಾತೇ ಅದು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಕಳೆದರೆ, ಕೆಟ್ಟರೆ ನಿನ್ನಿಂದ ವಸೂಲು ಮಾಡುವುದಿಲ್ಲ ಎಂದು ಅವಳ ಕೈಗೆ ಒಂದು ಸಾಲಿನ ಆದೇಶ ಕೊಡಲಿ, ಹೊದಿಕೆಯನ್ನು ಅವಳೇ ತೆಗೆಯುತ್ತಾಳೆ.

ಇನ್ನು ಕೆಲಸದ ಮಾತು. ಉಳಿದಿರುವ ಸುಮಾರು ಆರುನೂರು ಪುಸ್ತಕಗಳನ್ನು ಮೈಸೂರಿಗೆ ಒಯ್ಯುತ್ತಿಲ್ಲ, ಅಲ್ಲಿ ಜಾಗವಿಲ್ಲ. ಮುಂದಿನ ಗುರುವಾರದಿಂದ ಭಾನುವಾರದವರೆಗೆ ಪಡಸಾಲೆಯಲ್ಲಿ ಹರಡಿಟ್ಟಿರುತ್ತೇನೆ. ಮನೆ ಗೊತ್ತಿರುವವರು ಬನ್ನಿ, ಗೊತ್ತಿಲ್ಲದವರು ಗೊತ್ತಿರುವವರ ಜೊತೆ ಬನ್ನಿ. ಮಕ್ಕಳು ಬಂದರೆ ಅವರಿಗೆ ಮೊದಲ ಸರದಿ. ಎಪ್ಪತ್ತೈದು ಪೈಸೆಯ ಪುಸ್ತಕವೊಂದನ್ನು ಬಿಟ್ಟು ಯಾವುದನ್ನಾದರೂ ಒಯ್ಯಬಹುದು, ಹೆಸರು ಬರೆಸುವ ಅಗತ್ಯವಿಲ್ಲ. ಚೀಲ ನೀವೇ ತನ್ನಿ, ಮಳೆಯಿದ್ದರೆ ಪ್ಲಾಸ್ಟಿಕ್ಕನ್ನೂ ತನ್ನಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಮಲಗಿರುತ್ತೇನೆ. ಎಬ್ಬಿಸಬೇಡಿ, ಬಾಗಿಲು ತೆರೆದೇ ಇರುತ್ತದೆ.