ಹಂಡೆಯಲ್ಲಿ ಬೆಂದ ಪ್ಲೈವುಡ್

ನಮ್ಮ ಕುಂದಾಪುರದ ಕಡೆ ಮರದ ಯೋಗ್ಯತೆಯನ್ನು ಎತ್ತಿ ನೋಡಿ ಹೇಳುತ್ತಾರೆ. ಭಾರ ಇದ್ದರೆ ಒಳ್ಳೆ ಮರ, ಹಗುರ ಇದ್ದರೆ ಸೌದೆ. ಇಂಥ ಊರಲ್ಲಿ "ಕಯಾಕ್, ಅಂದ್ರೆ ಕೂತು ಹುಟ್ಟು ಹಾಕುವ ಸಪೂರ ದೋಣಿ, ಮಾಡ್ಬೇಕು, ಹಗುರದ ಮರ ಬೇಕು" ಅಂದರೆ ಕೇಳಿದವನ ಯೋಗ್ಯತೆಯೂ ಇಳಿಯುತ್ತದೆ.

ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಿನಲ್ಲಿ, ಕಾಂಡ್ಲಾ ಗಿಡಗಳ ನಡುವೆ ಬಾಡಿಗೆ ಕಯಾಕ್ ಓಡಿಸಿ ಬಂದ ಮೇಲೆ ಹಿಡಿದ ಹುಚ್ಚು ಇದು.

ಬಡಗಿಯವರು ಮೊದಲು ಹೇಳಿದ್ದು ತೇಗ. "ಮೊಮ್ಮಕ್ಕಳ ಕಾಲಕ್ಕೂ ಏನೂ ಆಗುದಿಲ್ಲ." ನಿಜ. ಆದರೆ ಒಂದು ಘನ ಮೀಟರ್ ತೇಗ ಸುಮಾರು 650 ಕೆಜಿ. ಕಯಾಕನ್ನು ಹೆಗಲ ಮೇಲೆ ಹೊತ್ತು ಹೊಳೆಗೆ ಒಯ್ಯಬೇಕಲ್ವಾ? ಅದಕ್ಕೆ ಮೊಮ್ಮಕ್ಕಳು ಈಗಲೇ ಬೇಕಾಗುತ್ತಾರೆ. ಅಮೆರಿಕ, ಕೆನಡಾದವರು ಬಳಸುವ ಕೆಂಪು ಸೀಡರ್ 370ರ ಆಸುಪಾಸು. ನಮ್ಮ ಸಾಮಿಲ್ಲಿನಲ್ಲಿ ಅದನ್ನು ಕೇಳಿದರೆ ಪೆನ್ಸಿಲ್ ಅಂಗಡಿಯ ದಾರಿ ತೋರಿಸಿದರು.

ಪಕ್ಕದ ಮನೆಯವರದ್ದು ಹೆಬ್ಬಲಸಿನ ಪಕ್ಷ. ಕರಾವಳಿಯ ದೋಣಿಗಳಿಗೆ ತಲೆಮಾರುಗಳಿಂದ ಬಂದ ಮರ, ಎರಡು ಮಾತಿಲ್ಲ. ಆದರೆ ಕಯಾಕಿಗೆ ಬೇಕಾದ್ದು 6 ಮಿಮೀ ಪಟ್ಟಿ. ಅಷ್ಟು ತೆಳ್ಳಗೆ ಸೀಳಲು ಹೊರಟರೆ ಕಯಾಕಿಗಿಂತ ಜಾಸ್ತಿ ಪುಡಿ ಸಿಗುತ್ತದೆ.

ಉಳಿದದ್ದು 4 ಮಿಮೀ ಮರೀನ್ ಪ್ಲೈವುಡ್, ಅಂದರೆ ನೀರಿಗೆ ಪದರ ಬಿಡದ ಪ್ಲೈ. ಹಾಳೆಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ಹಾಕಿ, ಮೇಲೆ ಫೈಬರ್ ಗ್ಲಾಸ್ ಬಟ್ಟೆ ಅಂಟಿಸುವುದು. ಹೊಲಿಗೆ ಅಂದದ್ದೇ ತಡ, ಬಡಗಿಯವರು ಅರಳಿದರು. "ನಮ್ಮಜ್ಜ ಕತ್ತದ ಹಗ್ಗದಲ್ಲಿ ದೋಣಿ ಹೊಲೀತಿದ್ರು!"

ಅಂಗಡಿಯವನು ಪ್ರತಿಯೊಂದು ಹಾಳೆಯನ್ನೂ "ಪಕ್ಕಾ ಮರೀನ್" ಅನ್ನುತ್ತಾನೆ. ಮರೀನ್ ಪ್ಲೈಗೆ ಇರುವ ಭಾರತೀಯ ಮಾನಕ ಐಎಸ್ 710. ಆ ಗುರುತಿನ ಪ್ಲೈ 72 ಗಂಟೆ ಕುದಿಯುವ ನೀರಿನಲ್ಲಿ ಬೆಂದರೂ ಪದರ ಬಿಡಬಾರದು. ಅಂಚಿನಲ್ಲಿ ಅಂಟಿನ ಗೆರೆ ಕಡುಕಂದು ಇರಬೇಕು. ಇವನದ್ದು ಬಿಳಿಚಿಕೊಂಡಿತ್ತು. ಸುಮ್ನೆ ಜಗಳ ಯಾಕೆ ಅಂತ ಒಂದು ತುಂಡು ತಂದು, ರಾತ್ರಿ ಬಚ್ಚಲ ಹಂಡೆಗೆ ಹಾಕಿ ಒಲೆಗೆ ಎರಡು ಕುಂಟೆ ತಳ್ಳಿದೆ.

ಬೆಳಿಗ್ಗೆ ನೋಡಿದರೆ ತುಂಡು ಕಟ್ಟು ಬಿಚ್ಚಿದ ಪತ್ರೊಡೆ ಆಗಿತ್ತು. ನೀರು ಚಹಾ ಬಣ್ಣ. ಅದರಲ್ಲೇ ಅಪ್ಪನ ಸ್ನಾನವೂ ಮುಗಿದಿತ್ತು! "ನೆಕ್ಕಿ ಸೊಪ್ಪು ಹಾಕಿದ್ದು ಒಳ್ಳೇದಾಯ್ತು, ಮೊಣಕಾಲು ಹಗುರ ಆಯ್ತು" ಅಂದರು. ನಾನು ತಿದ್ದಲು ಹೋಗಲಿಲ್ಲ.

ಇನ್ನೊಂದು ಅಂಗಡಿಯ ತುಂಡಿನ ಮೇಲೆ ಗುರುತು ಸರಿಯಾಗಿತ್ತು, ಗೆರೆಯೂ ಕಂದು. ಮೂರು ಹಗಲು ಮೂರು ರಾತ್ರಿ ಬೇಯಿಸಿದರೂ ಕದಲಲಿಲ್ಲ. ಸೌದೆ ಮುಗಿದದ್ದಕ್ಕೆ ಅಮ್ಮ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಹಾಳೆ ಬರುವುದು 8 ಅಡಿ, ಕಯಾಕ್ ಹತ್ತಿರ ಹತ್ತಿರ 16 ಅಡಿ. ಹಾಗಾಗಿ ಎರಡರ ತುದಿಯನ್ನೂ ಓರೆಯಾಗಿ ಕೀಸಿ, ಒಂದರ ಮೇಲೊಂದು ಕೂರಿಸಿ ಅಂಟಿಸಬೇಕು. 4 ಮಿಮೀ ದಪ್ಪಕ್ಕೆ 32 ಮಿಮೀ ಓರೆ. ಬಡಗಿಯವರು ಕೀಸುಳಿ ಹಿಡಿದು ಈಗ ಅದರಲ್ಲೇ ಮುಳುಗಿದ್ದಾರೆ.

ಅಪ್ಪನದ್ದು ಮಾತ್ರ ತಕರಾರು. ಈ ಸಲದ ಸೊಪ್ಪಿನಲ್ಲಿ ಏನೂ ಸತ್ವ ಇಲ್ಲವಂತೆ. ಮೊದಲಿನದ್ದನ್ನೇ ತಾ ಅನ್ನುತ್ತಿದ್ದಾರೆ.