ತಪಸ್ಸುಕಾಲದಲ್ಲಿ ಉಳಿಸಿದ್ದು ಯಾರ ಪಾಲು?

ಬೂದಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗಿನ ತಪಸ್ಸುಕಾಲವನ್ನು ಕಾರವಾರದ ಕಥೋಲಿಕ ಮನೆಗಳು ಇಂದಿಗೂ ಶ್ರದ್ಧೆಯಿಂದ ಆಚರಿಸುತ್ತವೆ. ಶುಕ್ರವಾರ ಸಂಜೆ ಯೇಸುವಿನ ಕೊನೆಯ ಯಾತನೆಯನ್ನು ನೆನೆಯುವ ಶಿಲುಬೆಯ ಹಾದಿಯ 14 ಸ್ಥಳಗಳ ಮುಂದೆ ಮಂಡಿಯೂರಲು ಮಕ್ಕಳು, ಮುದುಕರು ಎನ್ನದೆ ಎಲ್ಲರೂ ಬರುತ್ತಾರೆ. ಕುಡಿತ ಬಿಡುವವರು, ಸಿಹಿ ಬಿಡುವವರು, ಮೊಬೈಲನ್ನೇ ದೂರ ಇಡುವವರು ಇದ್ದಾರೆ. ಇವೆಲ್ಲವನ್ನೂ ನಾನು ಗೌರವಿಸುತ್ತೇನೆ. ಆದರೆ ನಾವು ಬಿಟ್ಟ ವಸ್ತು, ಅದರಿಂದ ಉಳಿದ ಹಣ ಮತ್ತು ಸಮಯ ಯಾರಿಗೆ ಸೇರಬೇಕು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದಿದ್ದರೆ ಉಪವಾಸ ಅರ್ಧದಲ್ಲೇ ನಿಲ್ಲುತ್ತದೆ ಎಂದು ನಾನು ನಂಬುತ್ತೇನೆ.

ಧರ್ಮಸಭೆಯ ನಿಯಮ ಕಠಿಣವೇನಲ್ಲ. 18 ತುಂಬಿದವರು 59ನೆಯ ವಯಸ್ಸಿನವರೆಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರದಂದು ಒಂದೇ ಪೂರ್ಣ ಊಟ ಮಾಡಿ ಉಪವಾಸವಿರಬೇಕು. 14 ದಾಟಿದವರು ಮಾಂಸ ವರ್ಜಿಸಬೇಕು. ಮೀನಿಗೆ ನಿಷೇಧವಿಲ್ಲ. ಬಯಲುಸೀಮೆಯ ಕ್ರೈಸ್ತನಿಗೆ ಇದು ತ್ಯಾಗವಾಗಬಹುದು, ಆದರೆ ಬೈತಖೋಲ ಬಂದರಿನ ಮೀನು ಅಂದೇ ಅಡುಗೆಮನೆ ಸೇರುವ ನಮ್ಮ ಊರಿನಲ್ಲಿ ಕೋಳಿ ಬಿಟ್ಟು ದೊಡ್ಡ ಸಿಗಡಿ ತಂದರೆ ನಿಯಮ ಪಾಲನೆಯಾಗುತ್ತದೆಯೇ ಹೊರತು ನಾಲಿಗೆಗೆ ಯಾವ ಕೊರತೆಯೂ ಆಗುವುದಿಲ್ಲ. ನನ್ನ ತಾಯಿ ಈ ದಿನಗಳಲ್ಲಿ ಸಿಗಡಿ, ಪಾಂಪ್ಲೆಟ್ ಕೊಳ್ಳದೆ ಅಗ್ಗದ ತಾರ್ಲೆ (ಬೂತಾಯಿ) ಮೀನು ಕೊಳ್ಳುತ್ತಿದ್ದರು. ಉಳಿದ ದುಡ್ಡು ದೇವರ ಪೀಠದ ಪಕ್ಕದ ಡಬ್ಬಿಗೆ ಬೀಳುತ್ತಿತ್ತು, ಮೀನಿನ ಬುಟ್ಟಿ ಹೊತ್ತು ಬಂದಾಕೆಗೆ ಹಿತ್ತಲಿನ ಕಟ್ಟೆಯ ಮೇಲೆ ಒಂದು ತಟ್ಟೆ ಗಂಜಿ, ಉಪ್ಪಿನಕಾಯಿ ಸಿದ್ಧವಿರುತ್ತಿತ್ತು. ಪಾಸ್ಖದ ಹಿಂದಿನ ಪವಿತ್ರ ವಾರದಲ್ಲಿ ಡಬ್ಬಿ ಒಡೆದು ಬಂದ ಹಣದಿಂದ ಅಕ್ಕಿ ತರಿಸಿ, ಯಾವ ಮನೆಗೆಂದು ನಮಗೂ ಹೇಳದೆ ಕಳುಹಿಸಿಬಿಡುತ್ತಿದ್ದರು.

ಅಮ್ಮ ಮಾಡಿದ್ದು ಹೊಸತೇನಲ್ಲ. 5ನೆಯ ಶತಮಾನದಲ್ಲಿ ರೋಮಿನ ಪೋಪ್ ಮಹಾ ಲಿಯೋ ತಮ್ಮ ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಉಪವಾಸವನ್ನೂ ಬಡವರಿಗೆ ಕೊಡುವ ದಾನವನ್ನೂ ಬೇರೆಮಾಡಲಿಲ್ಲ. ಬೂದಿ ಬುಧವಾರದ ಶುಭಸಂದೇಶವಾದ ಮತ್ತಾಯನ 6ನೆಯ ಅಧ್ಯಾಯ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೆ ಹೇಳುತ್ತದೆ, ಮೂರನ್ನೂ ಮರೆಯಲ್ಲಿ ಮಾಡಿರೆನ್ನುತ್ತದೆ. ಅದರ ಮರುದಿನ ಬಿಟ್ಟು ಬರುವ ಶುಕ್ರವಾರದ ವಾಚನ ಯೆಶಾಯನ 58ನೆಯ ಅಧ್ಯಾಯ: ಹಸಿದವನೊಡನೆ ರೊಟ್ಟಿಯನ್ನು ಹಂಚಿಕೊಳ್ಳುವುದು, ನೆಲೆಯಿಲ್ಲದವನನ್ನು ಮನೆಯೊಳಗೆ ಕರೆಯುವುದು, ಇದೇ ದೇವರಿಗೆ ಮೆಚ್ಚಿಗೆಯಾದ ಉಪವಾಸ. ಅಕ್ಕಿಯ ಚೀಲದೊಂದಿಗೆ ಫೋಟೋ ತೆಗೆಸಿ ಜಾಲತಾಣಗಳಲ್ಲಿ ಹಾಕುವ ರೂಢಿಯನ್ನು ಕಂಡಾಗ ನನಗೆ ಆಗುವ ನೋವಿಗೆ ಈ ವಚನಗಳೇ ಕಾರಣ. ಪಡೆದವರ ಮುಖವೂ ಆ ಫೋಟೋದಲ್ಲಿರುತ್ತದೆ.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಈ ಕಾಲಕ್ಕೆ ಬೇಕಾದ ಸೇವೆ ಯಾವುದು? ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೊಳೆ ಸಮುದ್ರ ಸೇರುವ ಕಡೆಯ ಬಾವಿಗಳು ಉಪ್ಪಾಗುತ್ತವೆ. ಸಿಹಿನೀರಿನ ಬಾವಿಯಿರುವವರು ನೆರೆಯವರಿಗೆ, ಅವರು ಯಾವ ಧರ್ಮದವರೇ ಆಗಲಿ, ಎರಡು ಕೊಡ ಹೆಚ್ಚು ಕೊಡಬಹುದು. ಅದಕ್ಕಿಂತ ದೊಡ್ಡ ಕೊರತೆ ಆಸ್ಪತ್ರೆಯದು. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಗೋವಾದ ಬಾಂಬೋಳಿಗೋ ಹೋಗಬೇಕು.

ಕಳೆದ ತಪಸ್ಸುಕಾಲದಲ್ಲಿ ನಮ್ಮ ಕಿರು ಕ್ರೈಸ್ತ ಸಮುದಾಯದವರು (ನೆರೆಹೊರೆಯ ಕ್ರೈಸ್ತ ಮನೆಗಳ ಗುಂಪು) ಒಬ್ಬಂಟಿ ವೃದ್ಧೆಯ ಮನೆಗೆ ಅಕ್ಕಿ, ಬೇಳೆ, ಎಣ್ಣೆ ತೆಗೆದುಕೊಂಡು ಹೋಗಿದ್ದೆವು. ಅವರ ಮಗ ಹಡಗಿನ ಕೆಲಸದಲ್ಲಿದ್ದಾನೆ. ಅವರು ಚೀಲವನ್ನು ಮೂಲೆಯಲ್ಲಿಡಲು ಹೇಳಿ, ದಿಂಬಿನ ಅಡಿಯಿಂದ ನಾಲ್ಕು ಮಡಿಕೆಯ ಆಸ್ಪತ್ರೆ ಚೀಟಿಯನ್ನು ತೆಗೆದು ನಮ್ಮೊಳಗಿನ ಒಬ್ಬ ತರುಣನ ಕೈಗಿತ್ತರು. “ಅಕ್ಕಿ ಇದೆ ಮಗಾ. ಈ ತಾರೀಕಿಗೆ ಮಣಿಪಾಲಕ್ಕೆ ಬರಲು ಹೇಳಿದ್ದಾರೆ, ಜೊತೆಗೆ ಯಾರಾದರೂ ಬರುತ್ತೀರಾ?” ಭಾನುವಾರದ ಬಲಿಪೂಜೆಗೂ ಅಪರೂಪವಾಗಿದ್ದ ಆ ತರುಣನೇ ರಜೆ ಹಾಕಿ ಹೋದ. ರೈಲಿನಲ್ಲಿ ಅಜ್ಜಿ ಜಪಸರ ಹಿಡಿದು ಕೊಂಕಣಿಯಲ್ಲಿ ಪ್ರಾರ್ಥನೆ ಆರಂಭಿಸಿದರಂತೆ. ಅವನಿಗೆ ಅರ್ಧ ಮರೆತುಹೋಗಿತ್ತು, ಅವರೇ ಹೇಳಿಕೊಟ್ಟರಂತೆ. ಆಸ್ಪತ್ರೆಯಲ್ಲಿ ಹಣ ಕಟ್ಟುವ ಕಿಟಕಿ, ರಕ್ತಪರೀಕ್ಷೆಯ ಸರತಿ, ಔಷಧದ ಸರತಿ ಎಂದು ಫೈಲು ಹಿಡಿದು ಅವನು ಓಡಾಡುವಾಗ ಅವರು ಬೆಂಚಿನ ಮೇಲೆ ಅವನ ಚೀಲ ಕಾಯುತ್ತ ಕುಳಿತಿದ್ದರು. ಮುಂದಿನ ತಪಾಸಣೆಗೂ ಅವನೇ ಹೋದ, ಈಗ ಶುಕ್ರವಾರದ ಶಿಲುಬೆಯ ಹಾದಿಗೂ ಬರುತ್ತಾನೆ. ಸೇವೆ ಮಾಡಿ ವಿಶ್ವಾಸ ಬೆಳೆಯಿತೋ, ವಿಶ್ವಾಸವಿದ್ದುದರಿಂದ ಸೇವೆಗೆ ಹೊರಟನೋ ಎಂದು ಬೇರ್ಪಡಿಸಿ ನೋಡುವುದು ನನಗೆ ಸಾಧ್ಯವಿಲ್ಲ.

1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಕ್ಷೇತ್ರವು (ಬಿಷಪರ ಆಡಳಿತದ ವ್ಯಾಪ್ತಿ) ಇಡೀ ಉತ್ತರ ಕನ್ನಡ ಜಿಲ್ಲೆಯನ್ನು ಒಳಗೊಂಡಿದೆ. ಮಣಿಪಾಲದ ದಾರಿಯಲ್ಲಿರುವ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ನಮ್ಮ ಧರ್ಮಕೇಂದ್ರಗಳಿವೆ (ಚರ್ಚುಗಳಿವೆ). ಪ್ರತಿ ಊರಿನಲ್ಲಿ ರೋಗಿಯ ಜೊತೆಗೆ ಹೋಗಲು ಒಪ್ಪುವ ನಾಲ್ಕೈದು ಜನರ ಹೆಸರು ಗುರುಗಳ ಬಳಿಯಿದ್ದರೆ, ಚೀಟಿ ಹಿಡಿದು ಬಾಗಿಲಲ್ಲಿ ನಿಲ್ಲುವವರಿಗೆ ಆ ದಿನವೇ ಉತ್ತರ ಸಿಗುತ್ತದೆ. ಉಪವಾಸದಿಂದ ಉಳಿದ ಹಣ ಅವರ ರೈಲಿನ ಟಿಕೆಟ್ಟಿಗೂ ಊಟಕ್ಕೂ ಆಗುತ್ತದೆ. ಈ ಪಟ್ಟಿಯನ್ನು ಪಾಸ್ಖದ ಹಿಂದಿನ ಗರಿಗಳ ಭಾನುವಾರದೊಳಗೆ ಮಾಡಬಹುದು. ಪಾಸ್ಖ ಹಬ್ಬದ ಮರುದಿನ ಅದನ್ನು ಹರಿದು ಹಾಕದೆ ವರ್ಷವಿಡೀ ಇಟ್ಟುಕೊಳ್ಳಬೇಕೆಂಬುದು ನನ್ನ ಕೋರಿಕೆ. ನಮ್ಮ ಧರ್ಮಕೇಂದ್ರದ ಪಟ್ಟಿಗೆ ನನ್ನ ಹೆಸರನ್ನು ಈ ಭಾನುವಾರ ಕೊಡುತ್ತೇನೆ. ವಾರದ ದಿನಗಳಲ್ಲಿ ಬಿಡುವಿರುವ ನಿವೃತ್ತರು ಮುಂದೆ ಬಂದರೆ ಇನ್ನೂ ಅನುಕೂಲ.